ಅಕ್ಕನ ಉಡಿ

ಸಾಣಾಪುರ
6 ಮಾರ್ಚ್ 2025

ಜೈನಾಬೀ ಟೀಚರ್ ಅವರಿಗೆ ನಮಸ್ಕಾರ.

ಮೊದಲು ನನ್ನ ಅಕ್ಷರಕ್ಕೆ ಕ್ಷಮಿಸಬೇಕು. ಐದನೆಯ ತರಗತಿಗೆ ಸಾಲೆ ಬಿಟ್ಟ ಮೇಲೆ ನಾನು ಬರೆದದ್ದು ಬಹಳ ಕಡಿಮೆ. ಸೂಜಿ ಹಿಡಿದು ಹಿಡಿದು ಕೈ ಪೆನ್ನನ್ನು ಮರೆತಿದೆ. ಒತ್ತಕ್ಷರ ತಪ್ಪಿದ್ದರೆ ಆಗ ಮಾಡುತ್ತಿದ್ದ ಹಾಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ತಿರುಗಿ ಕಳಿಸಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ನಿಮಗೆ ಈಗ ಕಿವಿ ಕೇಳುವುದಿಲ್ಲ, ಫೋನ್ ಮಾಡಿ ಉಪಯೋಗವಿಲ್ಲ ಎಂದು ಶಹನಾಜಬೇಗಂ ಹೇಳಿದರು. ಕೇಳುತ್ತಿದ್ದರೂ ನಾನು ಫೋನಿನಲ್ಲಿ ಮಾತಾಡುತ್ತಿರಲಿಲ್ಲ. ನೆನಪಿರಬಹುದು, ನೀವು ಹಾಜರಿ ಕೂಗಿದಾಗಲೂ ನಾನು ಕೈ ಎತ್ತುತ್ತಿದ್ದೆ, ಬಾಯಿ ತೆರೆಯುತ್ತಿರಲಿಲ್ಲ.

ನನ್ನ ಅಕ್ಕ ಅಮೃತಾ ಕಳೆದ ದೀಪಾವಳಿಯ ಹೊತ್ತಿಗೆ ಜ್ವರದಲ್ಲಿ ತೀರಿಕೊಂಡಳು. ಅವಳನ್ನು ಕುಷ್ಟಗಿಗೆ ಕೊಟ್ಟಿದ್ದರು. ಅವಳ ಮಗ ಸಿದ್ದಾರ್ಥ ಆಗ ಮೊಣಕಾಲಲ್ಲಿ ಹರಿದಾಡುತ್ತಿದ್ದ. ಅಂದಿನಿಂದ ಅವನು ನಮ್ಮ ಮನೆಯಲ್ಲಿ, ಎಂದರೆ ನನ್ನ ಸೊಂಟದ ಮೇಲೆ ಇದ್ದಾನೆ. ನನಗೆ ಅವ್ವ ಅನ್ನುತ್ತಾನೆ.

ನಾನು ಶಹನಾಜಬೇಗಂ ಅವರ ಕೈಕೆಲಸದ ಕೇಂದ್ರದಲ್ಲಿ ಕೌದಿ ಹೊಲಿಯುತ್ತೇನೆ. ಕೆರೆ ನೋಡಲು ಬಂದ ಎಲೆನಿ ಎಂಬ ಹೆಂಗಸು ಒಂದು ದಿನ ನಮ್ಮಲ್ಲಿ ಕೂತಳು. ಆಗ ನಾನು ಅಕ್ಕನ ಸೀರೆಗಳಿಂದ ಸಿದ್ದುವಿಗೆ ಕೌದಿ ಹೊಲಿಯುತ್ತಿದ್ದೆ. ನಡುವೆ ಒಂದು ತೇಪೆ ಖಾಲಿ ಇದೆಯಲ್ಲ, ಯಾಕೆ ಎಂದು ಕೇಳಿದಳು. ಅದು ಕೌದಿಯ ಹೊಟ್ಟೆ, ಕೊನೆಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿದುಬಿಡುತ್ತೇವೆ, ಹೊದ್ದವರು ಹಸಿಯಬಾರದು ಎಂದು ಶಹನಾಜಬೇಗಂ ಇಂಗ್ಲಿಷಿನಲ್ಲಿ ಹೇಳಿದರು.

ಆಕೆಯದು ಗ್ರೀಸ್ ದೇಶ. ಅಲ್ಲಿ ಒಂದು ದ್ವೀಪಕ್ಕೆ ಯುದ್ಧ ನಡೆದ ಊರುಗಳಿಂದ ಜನ ದೋಣಿಯಲ್ಲಿ ಬಂದು ಇಳಿಯುತ್ತಾರಂತೆ. ತೊಯ್ದ ಬಟ್ಟೆ ದಂಡೆಯ ಮೇಲೆ ಬಿಟ್ಟುಹೋಗುತ್ತಾರಂತೆ. ಆ ಬಟ್ಟೆ ಒಗೆದು ಅವರಿಗೇ ಹೊದಿಕೆ ಹೊಲಿದುಕೊಡುವ ಸೇವೆ ಎಲೆನಿಯವರದು. ಜೂನ್‌ನಿಂದ ಆಗಸ್ಟ್‌ವರೆಗೆ ಬಂದು ಕೌದಿ ಕಲಿಸಿ ಎಂದು ಶಹನಾಜಬೇಗಂ ಅವರನ್ನೂ ನನ್ನನ್ನೂ ಕರೆದಿದ್ದಾರೆ. ಪಗಾರವಿಲ್ಲ. ಟಿಕೆಟ್ಟು, ಊಟ, ಇರಲು ಜಾಗ ಅವರದೇ. ನಮ್ಮ ಪಕ್ಕದ ಮನೆಯ ಪಕ್ಕೀರಪ್ಪ ಕಾಕಾ, "ಪಗಾರಿಲ್ಲದ ಕೆಲಸಕ್ಕ ವಿಮಾನ ಯಾಕ ಹತ್ತತೀಯವ್ವ? ನಮ್ಮ ಗದ್ದ್ಯಾಗ ಕಳೆ ಭಾಳ ಐತಿ, ಬಾ" ಅಂದರು. ಮನೆಯಲ್ಲಿ ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಹಾಗಾಗಿ ಅಪ್ಪನಿಗೆ ಒಪ್ಪಿಗೆ ಇದೆ ಎಂದುಕೊಂಡಿದ್ದೇನೆ.

ಶಿವರಾತ್ರಿಗೆ ಸಿದ್ದುವನ್ನು ಕುಷ್ಟಗಿಗೆ ಕರೆದುಕೊಂಡು ಹೋಗಿದ್ದೆ. ಭಾವನ ತಾಯಿ ಗುರುಲಿಂಗಮ್ಮ ಬಹಳ ಪ್ರೀತಿ ಮಾಡಿದರು. ಬರುವಾಗ ಉಡಿ ತುಂಬಿದರು, ಹಸಿರು ಸೀರೆ ಕೊಟ್ಟರು. ಭಾವ ಕೊಟ್ರೇಶ ಊಟಕ್ಕೆ ಕೂತಾಗ ನೀರು ಕೇಳುತ್ತ ತಪ್ಪಿ ನನ್ನನ್ನು ಅಮ್ಮು ಎಂದು ಕರೆದರು. ಅದು ಅಕ್ಕನ ಮುದ್ದಿನ ಹೆಸರು. ಪಾಪ ಅನಿಸಿತು. ಓ ಎಂದು ನೀರು ಕೊಟ್ಟೆ.

ನನಗೆ ಹೋಗಬೇಕೆಂದು ಆಸೆ. ಮಗುವನ್ನು ಬಿಟ್ಟು ಹೋಗುವುದು ಸರಿಯೇ? ಇಷ್ಟೇ ಕೇಳಬೇಕಿತ್ತು.

ನಿಮ್ಮ ವಿದ್ಯಾರ್ಥಿನಿ
ವಾಣಿಶ್ರೀ

ಮಂಗಳೂರು, ಯಲಬುರ್ಗಾ ತಾಲೂಕು
13 ಮಾರ್ಚ್ 2025

ಪ್ರೀತಿಯ ವಾಣಿ,

ಅಕ್ಷರ ಕೆಟ್ಟಿಲ್ಲ, ಸಾಲು ಮಾತ್ರ ಇಳಿಜಾರಾಗಿದೆ. ಕೆಳಗೆ ಗೆರೆ ಇರುವ ಹಾಳೆ ಇಟ್ಟುಕೊಂಡು ಬರೆ. ರೋಜಾ ನಡೆದಿದೆ, ಮಧ್ಯಾಹ್ನ ಕಣ್ಣು ಮಂಜಾಗುತ್ತದೆ. ಚಿಕ್ಕದಾಗಿ ಬರೆಯುತ್ತೇನೆ.

ಹೋಗು. ಎರಡು ಮಾತಿಲ್ಲ.

ಹಸಿರು ಸೀರೆ ಯಾಕೆ ಕೊಟ್ಟರು ಎಂದು ನಿನ್ನ ತಾಯಿಯನ್ನು ಕೇಳಿದೆಯಾ? ಕೇಳು. ಕೇಳಿದ ಮೇಲೆ ನನಗೆ ಬರೆ. ಮತ್ತೆ ಯಾರಾದರೂ ಬೇರೆ ಹೆಸರಿನಿಂದ ಕರೆದರೆ ಓ ಅನ್ನಬೇಡ.

ಜೈನಾಬೀ

ಸಾಣಾಪುರ
22 ಮಾರ್ಚ್ 2025

ಟೀಚರ್ ಅವರಿಗೆ ನಮಸ್ಕಾರ.

ಕೇಳಿದೆ. ಕೇಳಬಾರದಿತ್ತು.

ಅವ್ವ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು. ಉಡಿ ತುಂಬಿದ ದಿನವೇ ಎಲ್ಲ ಮುಗಿದಿದೆಯಂತೆ. ಬಸವ ಜಯಂತಿಯ ದಿನ ನನಗೂ ಭಾವನಿಗೂ ಮದುವೆ. ನಾನು ಸೆರಗು ಒಡ್ಡಿ ಅಕ್ಕಿ, ಕೊಬ್ಬರಿ, ಉತ್ತತ್ತಿ ತೆಗೆದುಕೊಂಡೆ, ಸೀರೆಯನ್ನು ಕಣ್ಣಿಗೆ ಒತ್ತಿಕೊಂಡೆ. ಅಷ್ಟು ಜನ ಮುತ್ತೈದೆಯರು ನೋಡಿದ್ದಾರೆ. ಅದಕ್ಕಿಂತ ಬೇರೆ ಒಪ್ಪಿಗೆ ಏನು ಬೇಕು ಎಂದು ಅವ್ವ ಕೇಳಿದಳು. ಮನೆಯ ಹೆಣ್ಣುಮಗಳು ಹೊರಟಾಗ ಉಡಿ ತುಂಬುವುದು ಎಲ್ಲ ಕಡೆ ಇದೆ, ನಾನು ಅದೆಂದೇ ತಿಳಿದಿದ್ದೆ. ಕೂಸನ್ನು ಸಾಕಿದ್ದಕ್ಕೆ ಕೊಟ್ಟರು ಎಂದುಕೊಂಡಿದ್ದೆ. ಅಪ್ಪ ನಕ್ಕದ್ದೂ ಅದಕ್ಕೇ. ಮದುವೆ ಗೊತ್ತಾದ ಹುಡುಗಿ ಸಮುದ್ರದಾಚೆ ಹೋಗುವ ಮಾತಾಡುತ್ತಾಳಲ್ಲ ಎಂದು.

ನಾನು ಒಲ್ಲೆ ಎಂದೆ. ಜೋರಾಗಿ ಅಲ್ಲ. ಅವ್ವ ಆಗ ಕೈ ನಿಲ್ಲಿಸಿದಳು.

"ಒಲ್ಲೆ ಅಂದ್ರ ಅವರು ಯಲಬುರ್ಗಾದಾಗ ಒಬ್ಬಾಕಿನ್ನ ನೋಡ್ಯಾರ. ಆಕಿ ಬಂದ ಮ್ಯಾಲೆ ಕೂಸು ಆಕೀದು. ಆಮ್ಯಾಲೆ ನೀ ಯಾರು?"

ಟೀಚರ್, ಅವ್ವ ಕಟುಕಿಯಲ್ಲ. ಅಕ್ಕ ಹೋದ ಮೇಲೆ ಅವಳು ಸಿದ್ದುವಿನ ಮುಖ ನೋಡಿ ಊಟ ಮಾಡುತ್ತಿದ್ದಾಳೆ. ಅವನು ಬೇರೆ ಹೆಂಗಸಿನ ಕೈಗೆ ಹೋದರೆ ಅಕ್ಕ ಇನ್ನೊಂದು ಸಲ ಸತ್ತ ಹಾಗೆ ಅವಳಿಗೆ. ಭಾವನೂ ಕೆಟ್ಟವರಲ್ಲ. ದಾಳಿಂಬೆ ಗಿಡಕ್ಕೆ ಔಷಧ ಹೊಡೆದು ಬಂದರೆ ಮೈ ತೊಳೆಯದೆ ಮಗುವನ್ನು ಮುಟ್ಟುವುದಿಲ್ಲ. ಆದರೆ ನಾನು ಅವರ ಮದುವೆಯಲ್ಲಿ ಅಕ್ಕನ ಕೈಗೆ ಮದರಂಗಿ ಹಚ್ಚಿದವಳು. ಅವರಿಬ್ಬರೂ ಜಗಳಾಡಿದಾಗ ನಡುವೆ ಮಲಗಿದವಳು. ಆ ಮನೆಯ ಅದೇ ಕೋಣೆಗೆ ಹೇಗೆ ಹೋಗಲಿ?

ಇತ್ತ ಹೋಗುವ ತಯಾರಿಯೂ ನಡೆದಿದೆ. ಗಂಗಾವತಿಯಲ್ಲಿ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದೆವು. ಫೋಟೋದವನು "ಕಣ್ಣು ಮ್ಯಾಲೆ ಮಾಡವ್ವ, ನೆಲದಾಗ ಏನ್ ಬಿದ್ದೈತಿ" ಎಂದು ಬೈದ. ವಿಚಾರಣೆಗೆ ಪೊಲೀಸ್ ಬಂದಾಗ ಓಣಿಯವರು ನಾನು ಏನೋ ಕದ್ದಿದ್ದೇನೆ ಎಂದುಕೊಂಡರು. ಶಹನಾಜಬೇಗಂ ನನಗೆ ಗ್ರೀಸ್ ದೇಶದ ಮಾತು ಕಲಿಸುತ್ತಿದ್ದಾರೆ. ಬೆಳಿಗ್ಗೆ ಎದ್ದು ಕಲಿಮೇರಾ ಅನ್ನಬೇಕು. ಸಿದ್ದು ಮೇರಾ ಮೇರಾ ಎಂದು ಕುಣಿಯುತ್ತಾನೆ. ಅಪ್ಪ ಎಲ್ಲ ನೋಡಿಯೂ ಸುಮ್ಮನಿದ್ದಾನೆ. ಮದುವೆಯಾದ ಮೇಲೆ ತಾನಾಗಿಯೇ ನಿಲ್ಲುತ್ತಾಳೆ ಎಂದು ಅವನ ಲೆಕ್ಕ.

ನಿಮ್ಮ ಮಾತಿಗೆ ಅಪ್ಪನಿಗೆ ಬಹಳ ಮರ್ಯಾದೆ. ನೀವು ಪಂಪಾಪತಿ ಎಂದು ಅವನ ಹೆಸರಿಗೆ ಒಂದು ಪತ್ರ ಬರೆಯಿರಿ. ಮದುವೆ ಬೇಡ, ಮೂರು ತಿಂಗಳು ಹೋಗಿ ಬರಲಿ, ಮಗು ಅಲ್ಲಿಯವರೆಗೆ ಅಜ್ಜಿಯ ಹತ್ತಿರ ಇರಲಿ, ಬಂದ ಮೇಲೆ ನನಗೇ ಕೊಡಲಿ ಎಂದು ಬರೆಯಿರಿ. ನನಗೆ ಬಾಯಿ ಇಲ್ಲ. ನಿಮಗೆ ಕೈ ಮುಗಿಯುತ್ತೇನೆ.

ವಾಣಿಶ್ರೀ

ಮಂಗಳೂರು
2 ಏಪ್ರಿಲ್ 2025

ವಾಣಿ,

ಹಬ್ಬಕ್ಕೆ ಮಗ ತಾಹೇರ ಹುಬ್ಬಳ್ಳಿಯಿಂದ ಬಂದಿದ್ದ. ಮನೆ ತುಂಬ ಜನ. ಆದ್ದರಿಂದ ತಡವಾಯಿತು.

ನಿನ್ನ ಅಪ್ಪನಿಗೆ ನಾನು ಬರೆಯುವುದಿಲ್ಲ. ನಾನು ಬರೆದರೆ ಅವರು ನನ್ನ ಮರ್ಯಾದೆಗೆ ಒಂದು ತಿಂಗಳು ಸುಮ್ಮನಿದ್ದು, ಆಮೇಲೆ ಅದನ್ನೇ ಮಾಡುತ್ತಾರೆ. ನೀನೇ ಹೇಳಬೇಕು, ಅದೂ ಕುಷ್ಟಗಿಯವರ ಎದುರಿಗೆ ಹೇಳಬೇಕು. ನಿನ್ನ ಅವ್ವನ ಹತ್ತಿರ ಒಲೆಯ ಮುಂದೆ ಹೇಳಿದ್ದು ಲೆಕ್ಕಕ್ಕಿಲ್ಲ.

ಮಗುವಿನ ವಿಷಯ. ಈಗಿನಿಂದಲೇ ಅವನನ್ನು ಸೊಂಟದಿಂದ ಇಳಿಸು. ಅಜ್ಜಿ ಉಣಿಸಲಿ, ಅಜ್ಜಿ ಮಲಗಿಸಲಿ. ಅತ್ತರೆ ಅಳಲಿ. ಅವ್ವ ಎಂದು ಕರೆಸಿಕೊಳ್ಳುವುದನ್ನು ಇವತ್ತಿಗೆ ನಿಲ್ಲಿಸು. ಬಂದ ಮೇಲೆ ನನಗೇ ಕೊಡಲಿ ಎಂದು ಬರೆದಿದ್ದೀ. ಅವನು ಯಾರ ಮನೆಯಲ್ಲೋ ಇಟ್ಟುಹೋದ ಟ್ರಂಕು ಅಲ್ಲ.

ಸೂಜಿಗಳನ್ನು ಕೈಚೀಲದಲ್ಲಿ ಇಡಬೇಡ, ವಿಮಾನದಲ್ಲಿ ತೆಗೆದುಕೊಳ್ಳುತ್ತಾರೆ. ದೊಡ್ಡ ಚೀಲದಲ್ಲಿ ಇಡು.

ಜೈನಾಬೀ

ಸಾಣಾಪುರ
7 ಏಪ್ರಿಲ್ 2025

ಟೀಚರ್ ಅವರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೇರೆ ಯಾರೋ ಬರೆದಿರಬೇಕು ಅನಿಸಿತು. ಅಕ್ಷರ ನಿಮ್ಮದೇ.

ಸಿದ್ದುವಿಗೆ ಉಷ್ಣವಾಗಿ ಬಾಯಲ್ಲಿ ಗುಳ್ಳೆ ಎದ್ದಿವೆ. ಏನೂ ನುಂಗುತ್ತಿಲ್ಲ. ಮಜ್ಜಿಗೆಯನ್ನು ಅರಳೆಯಲ್ಲಿ ಅದ್ದಿ ತುಟಿಗೆ ಹಿಂಡುತ್ತಿದ್ದೇನೆ. ನೀವು ಹೇಳಿದ ಹಾಗೆ ಒಂದು ಸಂಜೆ ಅವನನ್ನು ಅವ್ವನ ಹತ್ತಿರ ಬಿಟ್ಟು ಕಾಲುವೆಯ ಮೇಲೆ ಹೋಗಿ ಕೂತೆ. ತಿರುಗಿ ಬಂದಾಗ ಅವನು ಹೊಸ್ತಿಲಿನ ಮೇಲೆ ಕೂತು ನನ್ನ ಚಪ್ಪಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸಲೀಸಾಗುತ್ತಿತ್ತು.

ನಿಮಗೂ ಮಗ ಇದ್ದಾನೆ. ಹಬ್ಬಕ್ಕೆ ಬಂದಿದ್ದ ಎಂದು ನೀವೇ ಬರೆದಿದ್ದೀರಿ. ತಾಹೇರಣ್ಣ ಇಷ್ಟು ಕೂಸಿದ್ದಾಗ, ಸೊಂಟದಿಂದ ಇಳಿಸು ಎಂದು ಯಾರಾದರೂ ನಿಮಗೆ ಹೇಳಿದ್ದರೆ ಇಳಿಸುತ್ತಿದ್ದಿರಾ? ಹೊಟ್ಟೆಯಲ್ಲಿ ಹುಟ್ಟಿದ ಮಗ ಇರುವವರು ಹೇಳುವ ಮಾತೇ ಇದು?

ನಾನು ಶಹನಾಜಬೇಗಂ ಅವರಿಗೆ ಬೇರೆಯವರನ್ನು ನೋಡಿ ಎಂದು ಹೇಳುತ್ತೇನೆ. ಹದಿನೆಂಟನೆಯ ತಾರೀಖು ಜವಳಿ ತರಲು ಎಲ್ಲರೂ ಕುಷ್ಟಗಿಗೆ ಹೋಗುತ್ತಿದ್ದೇವೆ. ಮದುವೆಯಾದರೆ ಸಿದ್ದು ನನ್ನ ಹತ್ತಿರ ಇರುತ್ತಾನೆ. ಕೋಣೆ ಯಾವುದಾದರೇನು, ಕತ್ತಲೆಯಲ್ಲಿ ಎಲ್ಲ ಕೋಣೆಗಳೂ ಒಂದೇ.

ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ.

ವಾಣಿಶ್ರೀ

ಮಂಗಳೂರು
11 ಏಪ್ರಿಲ್ 2025

ವಾಣಿ,

ನೀನು ಕೇಳಿದ್ದಕ್ಕೆ ಉತ್ತರ.

ತಾಹೇರ ನನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ನನ್ನ ಅಕ್ಕ ದಾವಲಬೀಯ ಮಗ. ಅಕ್ಕ ತೀರಿಕೊಂಡಾಗ ಅವನಿಗೆ ಹಲ್ಲು ಬರುತ್ತಿದ್ದವು. ನನಗೆ ಆಗಷ್ಟೇ ನೌಕರಿಯ ಆದೇಶ ಬಂದಿತ್ತು. ಹಿರಿಯರು ಕೂಡಿ, ಕೂಸು ಪರದೇಶಿಯಾಗಬಾರದು ಎಂದು ಹೇಳಿ, ಅಕ್ಕನ ಗಂಡ ಮಕ್ಬುಲಸಾಬರಿಗೆ ನನ್ನ ನಿಕಾಹ ಮಾಡಿದರು. ನಾನು ತಲೆ ಬಗ್ಗಿಸಿ ಕೂತಿದ್ದೆ. ನಮ್ಮಲ್ಲಿ ಹೆಣ್ಣನ್ನು ಕೇಳುವ ಪದ್ಧತಿ ಇದೆ. ಕೇಳಿದರು. ಅಳುವ ಹುಡುಗಿ ಏನು ಹೇಳಿದರೂ ಹೂಂ ಎಂದೇ ಕೇಳಿಸುತ್ತದೆ.

ಅವರು ಗಂಗಾವತಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು. ಒಳ್ಳೆಯವರು. ಒಂದು ದಿನವೂ ಕೈ ಎತ್ತಲಿಲ್ಲ, ನೌಕರಿ ಬಿಡು ಎನ್ನಲಿಲ್ಲ. ಒಂದು ಬೆಳಿಗ್ಗೆ ಅಂಗಡಿಗೆ ಹೊರಡುವಾಗ, ಅಭ್ಯಾಸದಿಂದ, ದಾವಲ ಎಂದು ಕೂಗಿದರು. ಕೂಗಿದ ಮೇಲೆ ಅವರ ಮುಖ ಸಣ್ಣದಾಯಿತು. ನನಗೆ ಪಾಪ ಅನಿಸಿತು. ಓ ಎಂದೆ. ಮುಂದೆ ಅದೇ ನಡೆಯಿತು. ಅವರು ತೀರಿಕೊಳ್ಳುವವರೆಗೆ, ಮೂವತ್ತು ವರ್ಷ, ಆ ಮನೆಯಲ್ಲಿ ನಾನು ದಾವಲ. ಸಾಲೆಯಲ್ಲಿ ಮಾತ್ರ ಜೈನಾಬೀ. ಟೀಚರ್ ಒಂದು ದಿನವೂ ರಜೆ ಹಾಕುವುದಿಲ್ಲ ಎಂದು ನೀವೆಲ್ಲ ಬೇಜಾರು ಮಾಡಿಕೊಳ್ಳುತ್ತಿದ್ದಿರಲ್ಲ, ಕಾರಣ ಅದು.

ತಾಹೇರನೂ ಅದು ನನ್ನ ಹೆಸರೆಂದೇ ತಿಳಿದು ಬೆಳೆದ. ಅವನು ದೊಡ್ಡವನಾದ ಮೇಲೆ ಯಾರೋ ಸಂಬಂಧಿಕರು, ನಿನ್ನ ತಾಯಿಯ ಗೋರಿ ಅಲ್ಲಿದೆ ಎಂದು ತೋರಿಸಿದರು. ಬಂದು ನನ್ನ ಎದುರಿಗೆ ನಿಂತು, ಹಾಗಾದರೆ ನೀನು ಯಾರು ಎಂದು ಕೇಳಿದ. ಸಿಟ್ಟಿನಿಂದ ಅಲ್ಲ. ತಿಳಿಯದೆ ಕೇಳಿದ. ನನಗೂ ತಿಳಿಯಲಿಲ್ಲ. ಈಗ ಅವನು ಹಬ್ಬಕ್ಕೆ ಬರುತ್ತಾನೆ, ಬಟ್ಟೆ ತರುತ್ತಾನೆ, ಯಾವ ಹೆಸರಿನಿಂದಲೂ ಕರೆಯುವುದಿಲ್ಲ. ಕಿವಿ ಹೋದದ್ದರಿಂದ ಅದು ಇಬ್ಬರಿಗೂ ಅನುಕೂಲವಾಗಿದೆ.

ನೀನು ಭಾವನಿಗೆ ಓ ಎಂದು ನೀರು ಕೊಟ್ಟೆ ಎಂದು ಬರೆದದ್ದನ್ನು ಓದಿದ ದಿನ ನಾನು ರೋಜಾ ಬಿಡುವ ಹೊತ್ತಿಗೂ ಕೂತಲ್ಲಿಂದ ಎದ್ದಿರಲಿಲ್ಲ. ಮದುವೆಯಾಗಬೇಡ ಎಂದು ನಾನು ಹೇಳುವುದಿಲ್ಲ. ನೀನು ವಾಣಿಶ್ರೀಯಾಗಿ ಆ ಮನೆಗೆ ಹೋಗುವುದಾದರೆ ಹೋಗು. ಆದರೆ ಅವರು ಉಡಿ ತುಂಬಿದ್ದು ಯಾರಿಗೆ ಎಂದು ಒಮ್ಮೆ ಯೋಚಿಸು.

ಹಾಜರಿಗೆ ನೀನು ಕೈ ಎತ್ತಿದರೆ ಸಾಕು ಎಂದು ನಾನು ಬಿಡುತ್ತಿದ್ದೆ. ಬಿಡಬಾರದಿತ್ತು.

ಜೈನಾಬೀ

ಮಂಗಳೂರು
27 ಏಪ್ರಿಲ್ 2025

ವಾಣಿ,

ಜವಳಿಯ ದಿನ ಕಳೆದುಹೋಯಿತು. ನಿನ್ನಿಂದ ಪತ್ರವಿಲ್ಲ. ಟಪಾಲಿನವನು ಬಂದರೆ ನನಗೆ ಕೇಳಿಸುವುದಿಲ್ಲ, ಆದ್ದರಿಂದ ಕಟ್ಟೆಯ ಮೇಲೆಯೇ ಕೂತಿರುತ್ತೇನೆ. ಬಿಸಿಲಿಗೆ ಪಕ್ಕದವರು ಬೈಯುತ್ತಾರೆ, ಅದೂ ಕೇಳಿಸುವುದಿಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಖಾಲಿ ಹಾಳೆಯನ್ನಾದರೂ ಕಳಿಸು.

ಜೈನಾಬೀ

ಸಾಣಾಪುರ
3 ಮೇ 2025

ಟೀಚರ್ ಅವರಿಗೆ ನಮಸ್ಕಾರ.

ಬಸವ ಜಯಂತಿ ಮುಗಿಯಿತು. ನನ್ನ ಮದುವೆ ಆಗಲಿಲ್ಲ. ಸಿದ್ದು ನನ್ನ ಹತ್ತಿರ ಇಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಲು ಇಷ್ಟು ದಿನ ಬೇಕಾಯಿತು.

ನಿಮ್ಮ ಪತ್ರ ಜವಳಿಗೆ ಹೋಗುವ ಮುಂಚೆ ಬಂತು. ಕುಷ್ಟಗಿಗೆ ಹೋಗುವಾಗ ಶಿವರಾತ್ರಿಯಲ್ಲಿ ಕೊಟ್ಟ ಹಸಿರು ಸೀರೆಯನ್ನೂ, ಉಡಿಯ ಅಕ್ಕಿ ಕೊಬ್ಬರಿಯನ್ನೂ ಒಂದು ಗಂಟು ಕಟ್ಟಿ ತೆಗೆದುಕೊಂಡೆ. ಅಕ್ಕಿಯನ್ನು ನಾವು ಪಾಯಸಕ್ಕೂ ಹಾಕಿರಲಿಲ್ಲ. ಅವ್ವ ನಾನು ಅದೇ ಸೀರೆ ಉಡುತ್ತೇನೆ ಎಂದುಕೊಂಡು ಸಂತೋಷಪಟ್ಟಳು. ಬಸ್ಸಿನಲ್ಲಿ ನನಗೆ ಕಿಟಕಿ ಬಿಟ್ಟುಕೊಟ್ಟಳು.

ಅಲ್ಲಿ ಪಡಸಾಲೆ ತುಂಬ ಜನ ಇದ್ದರು. ಜವಳಿ ಅಂಗಡಿಯ ಗಂಟುಗಳನ್ನು ಬಿಚ್ಚಿದ್ದರು. ಗುರುಲಿಂಗಮ್ಮ ಒಂದು ಸೀರೆ ಎತ್ತಿ, "ಇದು ಅಮೃತಾಗ ಭಾಳ ಸೇರೋ ಬಣ್ಣ, ಇದನ್ನ ತಗೋರಿ" ಅಂದರು. ಯಾರಿಗೂ ಏನೂ ಅನಿಸಲಿಲ್ಲ. ಎಲ್ಲರೂ ಹೌದು ಹೌದು ಅಂದರು. ಭಾವ ಬಾಗಿಲ ಹತ್ತಿರ ನಿಂತು ಉಗುರಿನಿಂದ ಚೌಕಟ್ಟಿನ ಬಣ್ಣ ಕೆರೆಯುತ್ತಿದ್ದರು.

ನಾನು ಹೇಳಬೇಕಾದ ಮಾತುಗಳನ್ನು ಬಸ್ಸಿನಲ್ಲಿ ಕಲಿತಿದ್ದೆ. ಒಂದೂ ಬರಲಿಲ್ಲ. ಸಿದ್ದುವನ್ನು ಸೊಂಟದಿಂದ ಇಳಿಸಿ ಜಮಖಾನದ ನಡುವೆ ಕೂಡಿಸಿದೆ. ಗಂಟು ಬಿಚ್ಚಿ ಅಕ್ಕಿಯನ್ನು ಅವನ ತೊಡೆಯ ಮೇಲೆ ಸುರಿದೆ. ಕೊಬ್ಬರಿ ಇಟ್ಟೆ, ಉತ್ತತ್ತಿ ಇಟ್ಟೆ. ಸೀರೆಯನ್ನು ಅವನ ಪಕ್ಕದಲ್ಲಿ ಇಟ್ಟೆ. ಗಂಡುಕೂಸಿನ ಉಡಿ ತುಂಬುವುದನ್ನು ಯಾರೂ ನೋಡಿರಲಿಲ್ಲ. ಆಗ ಮಾತು ಬಂತು.

"ಇದು ಅಕ್ಕನ ಉಡಿ. ನಂದಲ್ಲ. ಅಕ್ಕನ ಮಗಗ ಹಾಕೀನಿ."

ಸಿದ್ದು ಒಂದು ಹಿಡಿ ಅಕ್ಕಿ ಬಾಯಿಗೆ ಹಾಕಿಕೊಂಡ. ಅಪ್ಪ ಎದ್ದು ಹೊರಗೆ ಹೋದ. ಗುರುಲಿಂಗಮ್ಮ ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಬಂದು, ಬೆರಳು ಹಾಕಿ ಅವನ ಬಾಯಿಂದ ಅಕ್ಕಿ ತೆಗೆದರು. ಅವನನ್ನು ಎತ್ತಿಕೊಂಡರು.

"ಉಡಿ ಹೊಳ್ಳಿ ಕೊಟ್ಟಾಕಿ ಕೈಯಾಗ ನನ್ನ ಮೊಮ್ಮಗ ಬ್ಯಾಡ. ನೀ ಎಲ್ಲಿ ಬೇಕಲ್ಲಿ ಹೋಗವ್ವ, ನಿನ್ನ ಹಾದಿ ನಿಂದು."

ಅವರು ಅವನನ್ನು ಒಳಗೆ ಕರೆದುಕೊಂಡು ಹೋದರು. ಅವನು ಒಳಗಿನಿಂದ ಅವ್ವ ಅಂದ. ನಾನು ಅಂಗಳದಿಂದ ಓ ಅಂದೆ. ಮತ್ತೆ ಅಂದ. ಮತ್ತೆ ಓ ಅಂದೆ. ನಿಮ್ಮ ಪತ್ರ ನನ್ನ ಕುಬಸದೊಳಗೇ ಇತ್ತು, ಆದರೂ ಓ ಅಂದೆ. ಆಮೇಲೆ ಯಾರೋ ಬಾಗಿಲು ಹಾಕಿದರು.

ಈಗ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಅವ್ವ ನನಗೆ ತಾಟಿನಲ್ಲಿ ರೊಟ್ಟಿ ಹಾಕಿ ದೂಡುತ್ತಾಳೆ. ಪಕ್ಕೀರಪ್ಪ ಕಾಕಾ ಕೂಡ ಕಳೆ ಕೀಳಲು ಕರೆಯುವುದಿಲ್ಲ. ಪಾಸ್‌ಪೋರ್ಟು ಬಂದಿದೆ. ಅದರಲ್ಲಿ ನನ್ನ ಕಣ್ಣು ಮೇಲೆ ಇವೆ, ಬೇರೆ ಯಾರೋ ಇದ್ದ ಹಾಗಿದೆ. ಬೇರೆಯವರನ್ನು ನೋಡಿ ಎಂದು ಶಹನಾಜಬೇಗಂ ಅವರಿಗೆ ನಾನು ಹೇಳಿರಲೇ ಇಲ್ಲ, ಅವರು ವೀಸಾಕ್ಕೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಬಂದರು. ನಾನು ಹೋದೆ, ಬೆರಳು ಒತ್ತು ಎಂದಲ್ಲಿ ಒತ್ತಿದೆ. ಸತ್ತವರನ್ನು ಹೊತ್ತುಕೊಂಡು ಹೋದ ಹಾಗೆ ಹೋಗಿ ಬಂದೆ.

ಮದುವೆ ಬೇಡವೆಂದು ಉಡಿ ಕೊಟ್ಟೆ. ಮಗು ಬೇಕೆಂದು ಯಾರಿಗೆ ಏನು ಕೊಡಲಿ? ನೀವು ಮೂವತ್ತು ವರ್ಷ ಬೇರೆ ಹೆಸರಿಗೆ ಓ ಎಂದಿರಿ, ಆದರೆ ತಾಹೇರಣ್ಣ ನಿಮ್ಮ ಮಗ್ಗುಲಲ್ಲಿ ಮಲಗಿದ. ನನ್ನ ಮಗ್ಗುಲಲ್ಲಿ ಈಗ ಹೊಟ್ಟೆ ತೆರೆದ ಕೌದಿ ಇದೆ. ನೀವು ಮಾಡಿದ್ದೇ ಸರಿ ಇತ್ತೇನೋ. ನಾನು ದೊಡ್ಡ ತಪ್ಪು ಮಾಡಿದೆನೇ, ಟೀಚರ್? ಸುಳ್ಳಾದರೂ ಸರಿ, ಇಲ್ಲವೆಂದು ಬರೆಯಿರಿ.

ವಾಣಿಶ್ರೀ

ಮಂಗಳೂರು
16 ಮೇ 2025

ವಾಣಿ,

ಸುಳ್ಳು ಬರೆಯಲು ನನಗೆ ಬರುವುದಿಲ್ಲ. ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಮಗ್ಗುಲಲ್ಲಿ ಮಲಗಿದ ತಾಹೇರ ಬೆಚ್ಚಗಿದ್ದ ಎಂಬುದು ನಿಜ. ನಾನು ಅದಕ್ಕೆ ಕೃತಘ್ನಳಲ್ಲ.

ನಿನ್ನೆ ನಡೆದದ್ದು ಬರೆಯುತ್ತೇನೆ. ಬೆಳಿಗ್ಗೆ ಕಟ್ಟೆಯ ಮುಂದೆ ಒಂದು ಮೋಟಾರ್ ಸೈಕಲ್ ನಿಂತಿತು. ಟ್ಯಾಂಕಿನ ಮೇಲೆ ಒಂದು ಮಗು, ತಲೆಗೆ ಟವೆಲ್ ಸುತ್ತಿತ್ತು. ಬಂದವನು ಮಾತಾಡಿದ. ನಾನು ಕಿವಿ ತೋರಿಸಿ ಪಾಟಿ, ಬಳಪ ಕೊಟ್ಟೆ. ನನ್ನ ಮನೆಗೆ ಬರುವವರೆಲ್ಲ ಪಾಟಿಯ ಮೇಲೆ ಬರೆದೇ ಮಾತಾಡಬೇಕು. ಕೊಟ್ರೇಶ ಎಂದು ಹೆಸರು ಬರೆದ. ನಿನ್ನ ಅಪ್ಪನಿಂದ ನನ್ನ ವಿಳಾಸ ತಿಳಿದುಕೊಂಡನಂತೆ. ನಿನ್ನ ಅಪ್ಪ ಹೇಳಿದರು ಎಂಬುದನ್ನು ಗಮನಿಸು.

ನಾನು ಅವನನ್ನು ಬೈಯಬೇಕೆಂದು ಮನಸ್ಸಿನಲ್ಲಿ ಬಹಳ ಮಾತು ಜೋಡಿಸಿಟ್ಟಿದ್ದೆ. ಅವನು ಕೆಟ್ಟವನೆಂದೇ ಇಷ್ಟು ದಿನ ಅಂದುಕೊಂಡಿದ್ದೆ, ನೀನು ಅಲ್ಲವೆಂದು ಬರೆದಿದ್ದರೂ. ಅವನು ಪಾಟಿಯ ಮೇಲೆ ಬರೆದದ್ದು ಇಷ್ಟು: "ನನ್ನನ್ನೂ ಯಾರೂ ಕೇಳಲಿಲ್ಲ."

ಅಷ್ಟರಲ್ಲಿ ನಿನ್ನ ಸಿದ್ದು ಬಾಳೆಹಣ್ಣು ತಿಂದು ಅದೇ ಕೈಯಿಂದ ಪಾಟಿ ಒರೆಸಿದ. ಕೊಟ್ರೇಶ ಮತ್ತೆ ಬರೆದ. ಮಗು ಸರಿಯಾಗಿ ನಿದ್ದೆ ಮಾಡುತ್ತಿಲ್ಲ. ನೀನು ಅಕ್ಕನ ಸೀರೆಗಳಿಂದ ಹೊಲಿದ ಕೌದಿ ಇದೆಯಂತಲ್ಲ, ಅದನ್ನು ಕೊಡಬಹುದೇ ಎಂದು. ನೇರ ನಿನ್ನನ್ನು ಕೇಳಲು ಅವನಿಗೆ ಮುಖವಿಲ್ಲ. ಹೊರಡುವ ದಿನ ಅವನು ಮಗುವನ್ನು ಸಾಣಾಪುರಕ್ಕೆ ತರುತ್ತಾನೆ. ತಾಯಿಗೆ ಹೇಳಿಯೇ ತರುತ್ತಾನೆ.

ಇದರಲ್ಲಿ ಬೇರೆ ಆಸೆ ಇಟ್ಟುಕೊಳ್ಳಬೇಡ. ಮಗು ಅವನದು, ಅವನ ಹತ್ತಿರ ಬೆಳೆಯುತ್ತದೆ. ಅದನ್ನು ಅವನು ಸ್ಪಷ್ಟವಾಗಿ ಬರೆದ. ನಾನು ಅಳಿಸಿದೆ, ಅವನು ಮತ್ತೆ ಬರೆದ.

ಕೌದಿಯ ಹೊಟ್ಟೆ ತುಂಬಿಸು. ತೆರೆದದ್ದನ್ನು ಕೊಡಬೇಡ.

ಜೈನಾಬೀ

ಬೆಂಗಳೂರಿನ ಬಸ್ಸಿನಲ್ಲಿ
2 ಜೂನ್ 2025

ಟೀಚರ್ ಅವರಿಗೆ ನಮಸ್ಕಾರ.

ಬಸ್ಸು ಅಲುಗಾಡುವುದರಿಂದ ಅಕ್ಷರ ಇನ್ನೂ ಕೆಟ್ಟಿದೆ. ಕೆಳಗೆ ಗೆರೆಯ ಹಾಳೆ ಇಟ್ಟುಕೊಂಡಿದ್ದೇನೆ, ಆದರೂ ಸಾಲು ಓಡುತ್ತಿದೆ. ಶಹನಾಜಬೇಗಂ ಪಕ್ಕದಲ್ಲಿ ಬಾಯಿ ತೆರೆದು ಮಲಗಿದ್ದಾರೆ. ಸೂಜಿಗಳು ದೊಡ್ಡ ಚೀಲದಲ್ಲಿವೆ.

ನನಗೆ ಸಂತೋಷವಿಲ್ಲ. ಬೇರೆಯವರಾಗಿದ್ದರೆ ಸಂತೋಷದಿಂದ ಹೋಗು ಎಂದು ಬರೆಯುತ್ತಿದ್ದರು, ನೀವು ಹಾಗೆ ಬರೆಯಲಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಅಲ್ಲಿ ದೋಣಿಯಿಂದ ಇಳಿದು ಬರುವವರಲ್ಲಿ ಕೂಸುಗಳೂ ಇರುತ್ತವೆ ಎಂದು ಶಹನಾಜಬೇಗಂ ಹೇಳಿದ ಮೇಲೆ ನನಗೆ ಭಯ ಹೆಚ್ಚಾಗಿದೆ. ನಾನು ಯಾವುದನ್ನೂ ಎತ್ತಿಕೊಳ್ಳುವುದಿಲ್ಲ ಎಂದುಕೊಂಡಿದ್ದೇನೆ. ಎತ್ತಿಕೊಳ್ಳುತ್ತೇನೆ ಎಂದೂ ಗೊತ್ತು.

ಅವ್ವ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಗಂಟನ್ನು ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದಳು. ಅಪ್ಪ ನನ್ನ ಚೀಲವನ್ನು ಹೆಗಲ ಮೇಲೆ ಹೊತ್ತು ರಸ್ತೆಯವರೆಗೆ ಬಂದ. ಪಕ್ಕೀರಪ್ಪ ಕಾಕಾ ದಾರಿಯಲ್ಲಿ ಎದುರಾಗಿ, ಈ ಸಲ ನಗಿಸದೆ, ಚೀಲದ ಇನ್ನೊಂದು ಹಿಡಿಕೆ ಹಿಡಿದುಕೊಂಡರು.

ಭಾವ ಬೆಳಿಗ್ಗೆ ಬೇಗ ಸಿದ್ದುವನ್ನು ಕರೆದುಕೊಂಡು ಬಂದರು. ಅವನು ಸ್ವಲ್ಪ ಸಣ್ಣಾಗಿದ್ದಾನೆ. ನನ್ನನ್ನು ಕಂಡು ಓಡಿ ಬರಲಿಲ್ಲ. ಭಾವನ ಪ್ಯಾಂಟು ಹಿಡಿದು ನಿಂತು ನೋಡಿದ. ಮರೆತಿದ್ದಾನೆ ಎಂದುಕೊಂಡೆ. ಆಮೇಲೆ ಒಳಗೆ ಹೋಗಿ ನನ್ನ ಚಪ್ಪಲಿ ಹುಡುಕಿ ತಂದು ನನ್ನ ಮುಂದೆ ಇಟ್ಟ. ಹಾಕಿಕೋ, ಹೋಗೋಣ ಎಂದೋ, ಹಾಕಿಕೊಳ್ಳಬೇಡ ಎಂದೋ, ನನಗೆ ತಿಳಿಯಲಿಲ್ಲ.

ಭಾವ ಕಟ್ಟೆಯ ಮೇಲೆ ಕೂತು, ಮುಂದಿನ ವಾರ ಯಲಬುರ್ಗಾಕ್ಕೆ ಹುಡುಗಿ ನೋಡಲು ಹೋಗುವುದಾಗಿ ಹೇಳಿದರು. ಹೇಳಿ ಸ್ವಲ್ಪ ತಡೆದು, "ಈ ಸಲ ನಾನ ಆಕೀನ್ನ ಕೇಳ್ತೀನಿ, ವಾಣಿ" ಅಂದರು. ನನ್ನ ಹೆಸರನ್ನು ಅವರ ಬಾಯಲ್ಲಿ ಮೊದಲ ಸಲ ಕೇಳಿದೆ. ನಾನು ತಲೆ ಆಡಿಸಿದೆ. ಮತ್ತೆ ನೆನಪಾಗಿ, "ಹೂಂ, ಕೇಳ್ರಿ" ಎಂದೆ.

ಸಿದ್ದುವಿಗೆ ಅರ್ಧ ರೊಟ್ಟಿ ಕೊಟ್ಟೆ. ಕಚ್ಚಿ, ಉಳಿದದ್ದನ್ನು ಕೌದಿಯ ಮೇಲೆ ಬಿಸಾಡಿದ. ಅವನು ಕಚ್ಚಿದ ಆ ಚೂರನ್ನೇ ಬಿಸಿಲಿಗೆ ಒಣಗಿಸಿ ಕೌದಿಯ ಹೊಟ್ಟೆಯಲ್ಲಿ ಇಟ್ಟೆ. ಹಸಿರು ಸೀರೆಯ ಅಂಚನ್ನು ಕತ್ತರಿಸಿ ಗುರುಲಿಂಗಮ್ಮ ಭಾವನ ಕೈಯಲ್ಲಿ ಕಳಿಸಿದ್ದರು. ಅದು ಸಿಟ್ಟೋ ಮರುಕವೋ ಕೇಳಲಿಲ್ಲ. ಆ ಅಂಚಿನಿಂದ ಕೊನೆಯ ತೇಪೆ ಹಾಕಿದೆ. ದಾರವನ್ನು ಹಲ್ಲಿನಿಂದ ಕಡಿದೆ.

ಹೊರಡುವ ಹೊತ್ತಾಯಿತು. ಭಾವ ಕೌದಿಯನ್ನು ಮಡಿಚಿ ಗಾಡಿಗೆ ಕಟ್ಟಿದರು. ಸಿದ್ದು ಟ್ಯಾಂಕಿನ ಮೇಲೆ ಕೂತು ಕೈ ಚಾಚಿದ.

"ಅವ್ವ" ಅಂದ.

ಟೀಚರ್, ನನ್ನ ಗಂಟಲಿನಲ್ಲಿ ಓ ಬಂದು ನಿಂತಿತ್ತು. ಅನ್ನಲಿಲ್ಲ. ಅವನು ಇನ್ನೊಮ್ಮೆ ಅಂದ, ಜೋರಾಗಿ. ನನ್ನ ಅವ್ವ ಒಳಗಿನಿಂದ, ಓ ಅನ್ನಬಾರದೇನ, ಪಾಪ ಕೂಸು ಎಂದಳು. ಇಷ್ಟು ದಿನದಲ್ಲಿ ಅವಳು ನನಗೆ ಆಡಿದ ಮೊದಲ ಮಾತು ಅದು. ಆಗಲೂ ಅನ್ನಲಿಲ್ಲ. ಹತ್ತಿರ ಹೋಗಿ ಅವನ ಕೈಯನ್ನು ಕೌದಿಯ ಮೇಲೆ ಇಟ್ಟು, ಇದು ಅವ್ವ ಎಂದೆ. ಆಮೇಲೆ ನನ್ನ ಎದೆಯ ಮೇಲೆ ಇಟ್ಟು, ಚಿಗವ್ವ ಎಂದೆ. ಅವನು ನನ್ನ ಬಾಯಿಯನ್ನೇ ನೋಡಿದ.

"ಚಿ" ಅಂದ.

ನಾನು ಓ ಅಂದೆ.

ವಾಣಿಶ್ರೀ